ಅಂಗೈ ಮೇಲಿನ ಗದ್ದ

"ಮೊದಲು ಆ ಕತ್ತರಿ ಕೆಳಗಿಡಿ!"

ಬಾಗಿಲಲ್ಲಿ ನಿಂತಿದ್ದ ಅಪರಿಚಿತನ ದನಿಗೆ ಅವಳು ಬೆಚ್ಚಿಬಿದ್ದು ತಿರುಗಿದಳು. ಕೆದರಿದ ತಲೆಗೂದಲು, ಮಣಿಕಟ್ಟಿನಲ್ಲಿ ಹಲ್ಲಿನ ಗುರುತು, ಅಳುವುದಕ್ಕೂ ಪುರುಸೊತ್ತಿಲ್ಲದೆ ಕೆಂಪಾದ ಕಣ್ಣು... ಕೈಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಕತ್ತರಿ!

"ನೀವ್ಯಾರ್ರೀ ನನಗೆ ಹೇಳೋಕೆ? ಬಾಗಿಲು ತಟ್ಟೋ ಅಭ್ಯಾಸ ಇಲ್ವಾ?"

"ತಟ್ಟಿ ತಟ್ಟಿ ಕೈ ನೋವಾಯ್ತು. ಒಳಗಿನ ಗಲಾಟೇಲಿ ನಿಮಗೆ ಕೇಳಿಸ್ಲಿಲ್ಲ." ಅವನು ಹೆಗಲ ಚೀಲವನ್ನು ಹೊಸ್ತಿಲಾಚೆಯೇ ಇಳಿಸಿದ. "ಡಾಕ್ಟರಮ್ಮ ಕಳಿಸಿದ್ರು. ಮನೆಗೇ ಬಂದು ನಾಯಿಗಳ ಕೂದಲು ತೆಗೆಯೋನು ನಾನು."

ಹೊಲಿಗೆ ಯಂತ್ರದ ಅಡಿಯಿಂದ ಗುರ್ರ್ ಎಂಬ ಸದ್ದು ಬಂತು. ಅಲ್ಲಿ ಮೂಲೆಗೆ ಅಂಟಿಕೊಂಡು ನಡುಗುತ್ತಿತ್ತು ಕಂಬಳಿ. ಮೈತುಂಬ ಜಡೆಗಟ್ಟಿದ ಉದ್ದ ಕೂದಲು. ಆ ಹೆಸರು ಬಂದಿದ್ದೇ ಅದರಿಂದ. ಹೆಸರಿಟ್ಟವನು ಅವಳ ಅಣ್ಣ.

ಆ ಅಣ್ಣ ಈಗಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟವನು ರಸ್ತೆ ಅಪಘಾತಕ್ಕೆ ಸಿಕ್ಕು ಹೋಗಿಬಿಟ್ಟ. ಅವತ್ತಿನಿಂದ ಅಮ್ಮನ ಬಾಯಿಗೆ ಬೀಗ ಬಿದ್ದಿತ್ತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುವುದೊಂದೇ ಆಕೆಯ ದಿನಚರಿ. ಮಗಳು ಮಾತಾಡಿಸಿದರೆ ಉತ್ತರವಿಲ್ಲ. ಆದರೆ ಕಂಬಳಿ ಹೋಗಿ ಕಾಲ ಬಳಿ ಮಲಗಿದರೆ ಮಾತ್ರ, "ಊಟ ಮಾಡಿದ್ಯೇನೋ ಮರಿ?" ಎಂದು ಪಿಸುಗುಡುತ್ತಿದ್ದಳು. ಅದು ಉಂಡರೆ ಆಕೆಯೂ ಎರಡು ತುತ್ತು ಉಣ್ಣುತ್ತಿದ್ದಳು.

ಅಣ್ಣನ ಹೊರತು ಯಾರಿಗೂ ಮೈ ಬಾಚಲು ಬಿಡದ ನಾಯಿ ಅದು. ಅವನು ಹೋದ ಮೇಲೆ ಬಾಚಣಿಗೆ ಕಂಡರೆ ಹಲ್ಲು ಕಿರಿಯುತ್ತಿತ್ತು. ಇವಳಿಗೂ ಹೊಲಿಗೆಯ ರಾಶಿ, ಮನೆಯ ಭಾರ, ಎದೆಯೊಳಗಿನ ದುಃಖ... ಕೂದಲು ಗಂಟಾಗಿ, ಗಂಟು ಗಟ್ಟಿಯಾಗಿ, ಕೊನೆಗೊಂದು ದಿನ ದುರ್ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾಗಿದ್ದು.

ಡಾಕ್ಟರಮ್ಮ ಗಂಟುಗಳ ಸಂದಿಯಲ್ಲಿ ಬೆರಳಾಡಿಸಿ ಮುಖ ಸಣ್ಣ ಮಾಡಿದ್ದರು. "ಒಳಗೆ ಚರ್ಮ ಕೊಳೀತಿದೆಯಮ್ಮ. ಮುಂಗಾಲಿನ ಕಂಕುಳಲ್ಲಿ ಹುಣ್ಣಾಗಿದೆ. ಕೂದಲು ಪೂರ್ತಿ ತೆಗೀದೆ ಔಷಧಿ ಹಚ್ಚೋಕೂ ಆಗಲ್ಲ. ನಂಜು ರಕ್ತಕ್ಕಿಳಿದ್ರೆ ನನ್ನ ಕೈಲಿ ಏನೂ ಇಲ್ಲ."

"ಮತ್ತಿನ ಇಂಜೆಕ್ಷನ್ ಕೊಟ್ಟು ನೀವೇ ತೆಗೆದುಬಿಡಿ ಡಾಕ್ಟ್ರೇ!"

"ಇವನ ಹೃದಯ ಆಗಲೇ ಸೋತಿದೆ. ಮಲಗಿಸಿದ್ರೆ ಮತ್ತೆ ಏಳ್ತಾನೆ ಅನ್ನೋ ಭರವಸೆ ನನಗಿಲ್ಲ. ಎಚ್ಚರ ಇರೋವಾಗಲೇ ತೆಗೀಬೇಕು. ಮನೇಲಿ, ಗಾಬರಿ ಬೀಳದ ಹಾಗೆ... ಬೇಗ."

ಬೇಗ! ಆ ಒಂದು ಮಾತು ಅವಳ ನಿದ್ದೆ ಕಸಿದಿತ್ತು. ಹುಟ್ಟಿನಿಂದ ಕತ್ತರಿ ಹಿಡಿದ ಕೈ ನನ್ನದು, ನಾಯಿ ಕೂದಲು ಯಾವ ಲೆಕ್ಕ ಎಂದುಕೊಂಡು ತಾನೇ ಕೂತಿದ್ದಳು. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರೆ ಕತ್ತರಿ ನೇರ ಓಡುತ್ತದೆ. ಟೈಲರ್ ಆದವಳಿಗೆ ಅದು ಉಸಿರಾಟದಷ್ಟೇ ಸಹಜ. ಗಂಟನ್ನೂ ಹಾಗೆಯೇ ಎಳೆದು ಹಿಡಿದಳು. ಗಂಟಿನ ಜೊತೆ ಚರ್ಮವೂ ಎದ್ದು ಬಂದಿದ್ದು ಅವಳಿಗೆ ಗೊತ್ತಾಗಲಿಲ್ಲ. ಕಚಕ್ ಎಂದ ಮೇಲೆ, ನಾಯಿ ಚೀರಿದ ಮೇಲೆ, ಬೆರಳಿಗೆ ಬಿಸಿ ರಕ್ತ ತಾಗಿದ ಮೇಲೆ ಗೊತ್ತಾಯಿತು.

ಇವನು ಬಾಗಿಲಲ್ಲಿ ಬಂದು ನಿಂತಿದ್ದು ಸರಿಯಾಗಿ ಆಗಲೇ.

"ಎಳೆದು ಹಿಡಿದ್ರಾ?" ಎಂದು ಕೇಳಿದ. ದನಿಯಲ್ಲಿ ಬೈಗುಳ ಇರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕತ್ತರಿ ಕೈಜಾರಿತು. ಅವಳು ಮುಖ ಮುಚ್ಚಿಕೊಂಡು ನೆಲದ ಮೇಲೇ ಕುಸಿದಳು.

"ನಾನೇ ಕೊಂದುಬಿಡ್ತೀನಿ ಅವನನ್ನ... ಅವನು ಹೋದ್ರೆ ಅಮ್ಮನೂ ಉಳಿಯಲ್ಲ..."

"ಗಾಯ ಸಣ್ಣದು. ಮೇಲಿನ ಚರ್ಮ ಮಾತ್ರ." ಅವನು ತಗ್ಗಿ ಯಂತ್ರದ ಅಡಿ ನೋಡಿ ಹೇಳಿದ. "ಇವತ್ತು ನಾವು ಕೂದಲು ಮುಟ್ಟೋದು ಬೇಡ ಟೈಲರ್ ಮೇಡಂ."

ಅಳು ಅಲ್ಲೇ ನಿಂತಿತು. "ಮುಟ್ಟೋದು ಬೇಡ್ವಾ?! ಡಾಕ್ಟರಮ್ಮ ಬೇಗ ಅಂತಾರೆ, ನೀವು ಬೇಡ ಅಂತೀರಾ? ಮತ್ತೆ ಬಂದಿದ್ದೇನಕ್ಕೆ, ಮನೆ ನೋಡೋಕಾ?"

ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗೈ ಚಾಚಿ, ಅಂಗೈ ಮೇಲೆ ಮಾಡಿ ಸುಮ್ಮನಾದ. ಭಿಕ್ಷೆಗೆ ಕೂತವನ ಹಾಗೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೋಪವೇನೋ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಬಯ್ಯಲು ಬಾಯಿ ತೆರೆದವಳು ಅಲ್ಲೇ ನಿಂತಳು.

ಕಂಬಳಿಯ ಮೂಗು ಹೊರಬಂದಿತ್ತು.

ಅದು ತೆವಳಿ ಬಂದು, ಮೂಸಿ, ಹಿಂದೆ ಸರಿದು, ಮತ್ತೆ ಬಂದಿತು. ಅವನು ಎಡಗೈಯಿಂದ ಬೇಯಿಸಿದ ಕೋಳಿಯ ಚೂರೊಂದನ್ನು ಕೊಟ್ಟ. ಮತ್ತೆ ಕಾದ. ಅವಳ ಕಾಲು ಜೋಮು ಹಿಡಿಯುವಷ್ಟು ಹೊತ್ತಾದ ಮೇಲೆ, ದಣಿದ ಆ ಮುದಿ ನಾಯಿ ತನ್ನ ಗದ್ದವನ್ನು ಮೆಲ್ಲನೆ ಅವನ ಅಂಗೈಗೆ ಇಳಿಸಿತು.

"ನಮ್ಮಿಬ್ಬರಿಗೂ ಒಂದೇ ಕರಾರು," ಎಂದ ಅವನು ಪಿಸುದನಿಯಲ್ಲಿ. ನಾಯಿಗೆ ಹೇಳಿದನೋ ಇವಳಿಗೆ ಹೇಳಿದನೋ ತಿಳಿಯಲಿಲ್ಲ. "ಗದ್ದ ಅಂಗೈ ಮೇಲಿರೋವರೆಗೂ ಕೆಲಸ. ಗದ್ದ ಎತ್ತಿದ ಕ್ಷಣ ಕೆಲಸ ಬಂದ್. ಒಂದೇ ಒಂದು ಕೂದಲು ಬಾಕಿ ಇದ್ರೂ ಸರಿ."

"ನಾಯಿ ಮಾತು ಕೇಳ್ಕೊಂಡು ಕೂತ್ರೆ ಕೆಲಸ ಆಗುತ್ತೇನ್ರೀ?"

"ಬೇಡ ಅಂದಾಗ ನಾನು ನಿಲ್ಲಿಸ್ತೀನಿ ಅನ್ನೋ ನಂಬಿಕೆ ಅವನಿಗೆ ಬರಬೇಕು. ಆಮೇಲೇನೇ ಅವನು ಹೂಂ ಅನ್ನೋದು."

ಅವನು ಹೋದ ಮೇಲೆ ಅವಳು ಗೊಣಗಿದಳು. 'ನಾಯಿ ಬಾರ್ಬರ್‌ಗೆ ಏನು ಜಂಬ! ವೇದಾಂತಿ ಥರ ಮಾತು!' ಆದರೂ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಒಳಗಿಟ್ಟಳು.

ಅವತ್ತಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವನು ಬರತೊಡಗಿದ. ಮೊದಲು ಟ್ರಿಮ್ಮರ್ ಬರೀ ತೋರಿಸಿದ. ಆಮೇಲೆ ದೂರದಲ್ಲಿ ಚಾಲು ಮಾಡಿದ. ಗುಂಯ್ ಎಂಬ ಆ ಸದ್ದು ಶುರುವಾದೊಡನೆ ಕೋಳಿ ಚೂರು, ಸದ್ದು ನಿಂತೊಡನೆ ಚೂರೂ ನಿಂತಿತು. ಮರುದಿನ ಸದ್ದು ಕೇಳಿದರೆ ಕಂಬಳಿ ಬಾಲ ಆಡಿಸಿತು! ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಕೆಲಸಕ್ಕೆ ಅವನ ಎರಡೂ ಕೈ ಬೇಕಾಯಿತು. ಹಾಗಾಗಿ ಗದ್ದ ಹಿಡಿಯುವ ಕೆಲಸ ಅವಳ ಪಾಲಿಗೆ ಬಂತು.

"ಹಿಡೀಬೇಡಿ. ಬರೀ ಕೈ ಕೊಡಿ," ಎಂದ. "ಅಯ್ಯೋ, ಉಸಿರು ಬಿಡಿ ಮೇಡಂ! ನೀವು ಉಸಿರು ಕಟ್ಟಿದ್ರೆ ಅವನೂ ಕಟ್ತಾನೆ."

"ನನ್ನ ಉಸಿರಿನ ಮೇಲೂ ನಿಮ್ಮದೇ ಯಜಮಾನಿಕೆಯಾ?"

"ಸದ್ಯಕ್ಕೆ ಹೌದು."

ಅವಳು ಉಸಿರು ಬಿಟ್ಟಳು. ಕಂಬಳಿಯೂ ಬಿಟ್ಟಿತು. ಗಂಟಿನ ಬುಡಕ್ಕೆ, ಚರ್ಮಕ್ಕೆ ತಾಗಿದಂತೆ, ಎಳೆಯದೆ, ಅವನು ಟ್ರಿಮ್ಮರ್ ಜಾರಿಸಿದ. ಬೆನ್ನಿನ ಮೇಲಿಂದ ಕೂದಲಿನ ದಪ್ಪ ಪದರವೊಂದು ಕಳಚಿ ಬಿತ್ತು. ಅಡಿಯಲ್ಲಿ ಗುಲಾಬಿ ಬಣ್ಣದ ಬಡಕಲು ಮೈ. ಇಷ್ಟು ಸಣ್ಣಗಾಗಿದ್ದೀಯೇನೋ ಎಂದು ಅವಳು ಪಿಸುಗುಟ್ಟಿದಳು.

ತಲೆ ತಗ್ಗಿಸಿ ಕೂತವರಿಬ್ಬರ ಹಣೆ ಎಷ್ಟೋ ಸಲ ತಾಗುವಷ್ಟು ಹತ್ತಿರ ಬರುತ್ತಿತ್ತು. ಅವನ ಶರ್ಟಿನಲ್ಲಿ ಸೋಪಿನ ವಾಸನೆ, ಮುಂಗೈಯಲ್ಲಿ ಹಳೆಯ ಕಚ್ಚುಗಾಯಗಳ ಗುರುತು. ಆ ಕೈ ನಾಯಿಯ ಮೈ ಮೇಲೆ ಓಡಾಡುವುದನ್ನು ನೋಡುತ್ತ ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು. 'ಥೂ! ಮನೆಯಲ್ಲಿ ಜೀವ ಹೋಗೋ ಹೊತ್ತು, ನನಗೇನು ಬಂದಿದೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಆದರೂ ಅವನು ಬರುವ ಹೊತ್ತಿಗೆ ತಲೆ ಬಾಚಿಕೊಳ್ಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಬೆನ್ನು ಮುಗಿಯಿತು. ಹೊಟ್ಟೆ, ಹಿಂಗಾಲು ಮುಗಿಯಿತು. ಉಳಿದಿದ್ದು ಕಂಕುಳಿನ ಆ ಒಂದು ಗಂಟು. ಎಲ್ಲಕ್ಕಿಂತ ಕೆಟ್ಟದ್ದು. ಅದರ ಅಡಿಯಿಂದಲೇ ಕೀವು ಜಿನುಗುತ್ತಿತ್ತು.

ಆ ಸಂಜೆ ಕಂಬಳಿಯ ಮೈ ಬಿಸಿಯಿತ್ತು. ಅನ್ನ ಮುಟ್ಟಿರಲಿಲ್ಲ. ಅಮ್ಮನೂ ಮುಟ್ಟಿರಲಿಲ್ಲ. ಟ್ರಿಮ್ಮರ್ ಕಂಕುಳಿಗೆ ತಾಗಿತು. ಗಂಟು ಅರ್ಧ ಬಿಟ್ಟಿತು, ಮುಕ್ಕಾಲು ಬಿಟ್ಟಿತು... ಇನ್ನೇನು, ಒಂದೇ ಒಂದು ಎಳೆಯಲ್ಲಿ ಜೋತಾಡುತ್ತಿದೆ!

ಕಂಬಳಿ ಗದ್ದ ಎತ್ತಿತು.

ಅವನು ಟ್ರಿಮ್ಮರ್ ಆರಿಸಿದ.

"ಏನ್ ಮಾಡ್ತಿದ್ದೀರಾ?!" ಅವಳು ಎರಡೂ ಕೈಯಿಂದ ನಾಯಿಯ ಕುತ್ತಿಗೆ ಅಮುಕಿ ಹಿಡಿದಳು. "ನಾನು ಹಿಡ್ಕೊಂಡಿದ್ದೀನಿ, ಕತ್ತರಿಸಿ! ಒಂದೇ ಏಟು!"

"ಕೈ ಬಿಡಿ ಮೇಡಂ. ಅವನ ಎದೆ ನೋಡಿ, ಹೇಗೆ ಹೊಡ್ಕೊಳ್ತಿದೆ... ದಯವಿಟ್ಟು ಬಿಡಿ!"

"ಕತ್ತರಿಸ್ರೀ!"

ಕಂಬಳಿ ಕೊಸರಿ ಕಿರುಚಿತು. ಅವಳ ಕೈ ಕೊಡವಿ ಯಂತ್ರದ ಅಡಿ ನುಗ್ಗಿತು. ಕೊರಳಿಂದ ಕೆಮ್ಮಿನಂಥ ಸದ್ದು ಬರುತ್ತಿತ್ತು. ಅವಳಿಗೆ ಕಣ್ಣು ಕತ್ತಲಿಟ್ಟಿತು.

"ನಿಮಗೇನ್ರೀ? ಇವನು ಸತ್ರೆ ನಿಮಗೆ ಇನ್ನೊಂದು ಮನೆ, ಇನ್ನೊಂದು ನಾಯಿ! ನನಗೆ? ನನ್ನಮ್ಮನಿಗೆ? ಹೋಗಿ! ನಾನು ಕರೆಯೋವರೆಗೂ ಈ ಮನೆಗೆ ಕಾಲಿಡಬೇಡಿ!"

ಅವನ ಮುಖ ಬಿಳಿಚಿಕೊಂಡಿತು. ಟ್ರಿಮ್ಮರನ್ನು ಯಂತ್ರದ ಮೇಜಿನ ಮೇಲೇ ಬಿಟ್ಟು, ಖಾಲಿ ಚೀಲ ಹೆಗಲಿಗೇರಿಸಿ ಹೊರಟ. ಮೆಟ್ಟಿಲು ಇಳಿಯುವ ಸದ್ದು ನಿಧಾನವಾಗಿ ಕಡಿಮೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಬಾಗಿಲ ಕಡೆಗೇ ಕಿವಿ ಇಟ್ಟು ಕೂತಿದ್ದಳು. ಅವನು ಬರಲಿಲ್ಲ. ಸಂಜೆಯೂ ಬರಲಿಲ್ಲ.

'ಹೋಗಲಿ! ಅಷ್ಟೇ ಇವರ ಕಾಳಜಿ! ಒಂದು ಮಾತು ಅಂದಿದ್ದಕ್ಕೆ ಸಿಟ್ಟು ಮಾಡ್ಕೊಂಡು ಕೂತ್ರು. ನಾನ್ಯಾಕೆ ಕರೀಲಿ?' ಎಂದುಕೊಂಡಳು. ಹಟ ಹಟವೇ. ಆದರೆ ಹಟ ಹಿಡಿದವಳ ಕಣ್ಣೇಕೆ ತೊಟ್ಟಿಕ್ಕುತ್ತಿತ್ತು? ಹೆಗಲ ಮೇಲಿನ ದುಪಟ್ಟಾದ ತುದಿ ಏಕೆ ಒದ್ದೆಯಾಗಿತ್ತು?

ಕಂಬಳಿ ನೀರೂ ಬಿಟ್ಟಿತು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಅದೇ ಮಾತು. "ಆ ಗಂಟು ತೆಗೆದು ಹುಣ್ಣು ತೊಳೀದೆ ಜ್ವರ ಇಳಿಯಲ್ಲಮ್ಮ. ಆ ಹುಡುಗ ಎಲ್ಲಿ?"

ಎಲ್ಲಿ! ಅವಳಿಗೆ ಗೊತ್ತಿದ್ದರೆ ತಾನೇ?

ಮತ್ತೊಂದು ಬೆಳಗಾಯಿತು. ಟ್ರಿಮ್ಮರ್ ಹಿಡಿದು ಅವಳೇ ನೆಲಕ್ಕೆ ಕೂತಳು. ಅವನಂತೆಯೇ ಅಂಗೈ ಚಾಚಿದಳು.

"ಬಾರೋ ಕಂಬಳಿ... ನಾನು ಎಳೆಯಲ್ಲ ಕಣೋ. ಹಿಡಿಯಲ್ಲ. ತಪ್ಪಾಯ್ತು, ಬಾ..."

ನಾಯಿ ಅವಳನ್ನು ನೋಡಿತು. ಬರಲಿಲ್ಲ. ಒಂದೇ ಸಲ ಅಮುಕಿ ಹಿಡಿದಿದ್ದಳು, ಅಷ್ಟಕ್ಕೇ ನಂಬಿಕೆ ಮುರಿದಿತ್ತು. ದೇವರೇ, ಇನ್ನು ನನ್ನ ಕೈಲಾಗಲ್ಲ ಎಂದು ಅವಳು ಹಣೆಯನ್ನು ನೆಲಕ್ಕೆ ಹಚ್ಚಿ ಬಿಕ್ಕಿದಳು.

"ಅವನನ್ನ ಕರಿ."

ಅವಳು ತಲೆ ಎತ್ತಿದಳು. ಮಾತಾಡಿದ್ದು ಅಮ್ಮ! ಎಷ್ಟೋ ತಿಂಗಳ ಮೇಲೆ, ನಾಯಿಯ ಜೊತೆಯಲ್ಲ, ಮಗಳ ಜೊತೆ!

"ಅಮ್ಮಾ...?"

"ಕರೆಯೋವರೆಗೂ ಬರಬೇಡ ಅಂದಿದ್ದು ನೀನು ತಾನೇ? ಕರೆದ್ಯಾ?" ಅಮ್ಮ ಕಿಟಕಿಯ ಕಡೆಗೆ ಗದ್ದ ಆಡಿಸಿ ತೋರಿಸಿದಳು. "ಎದುರಿನ ಮುಚ್ಚಿದ ಅಂಗಡಿ ಮೆಟ್ಟಿಲ ಮೇಲೆ ಕೂತಿದಾನೆ ನೋಡು. ನಿನ್ನೆ ಬೆಳಿಗ್ಗೆಯೂ ಕೂತಿದ್ದ. ಸಂಜೆಯೂ ಕೂತಿದ್ದ. ಬರೋ ಹೊತ್ತಿಗೆ ಬರ್ತಾನೆ, ಹೋಗೋ ಹೊತ್ತಿಗೆ ಎದ್ದು ಹೋಗ್ತಾನೆ. ನಾನು ಬೀದಿ ನೋಡೋ ಹಾಗೆ ಅವನು ಈ ಕಿಟಕಿ ನೋಡ್ತಾ ಕೂರ್ತಾನೆ."

ಅವಳು ಚಪ್ಪಲಿ ಮೆಟ್ಟಲಿಲ್ಲ. ಮೆಟ್ಟಿಲು ಹೇಗೆ ಇಳಿದಳೋ, ಬೀದಿ ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಅವನು ಎದ್ದು ನಿಂತ. ಎರಡೇ ದಿನಕ್ಕೆ ಇಳಿದುಹೋದ ಮುಖ. ಕೈಯಲ್ಲಿ ಕೋಳಿ ಚೂರಿನ ಡಬ್ಬಿ.

"ಇಲ್ಲೇ ಇದ್ರಾ?! ಇಲ್ಲೇ ಇದ್ಕೊಂಡು... ಯಾಕೆ ಬರ್ಲಿಲ್ಲ? ಕಲ್ಲು ಮನಸ್ಸು ನಿಮ್ದು! ಒಂದು ಸಲ ಬಾಗಿಲು ತಟ್ಟಿದ್ರೆ ಏನಾಗ್ತಿತ್ತು?"

"ನೀವು ಗದ್ದ ಎತ್ತಿದ್ರಿ ಮೇಡಂ," ಎಂದ ಅವನು. "ನಾನು ನಿಲ್ಲಿಸ್ದೆ."

ಅವಳು ಅವನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡಿದಳು.

"ಮೊದಲು ಒಂದು ದೊಡ್ಡ ಅಂಗಡೀಲಿ ಕೆಲಸಕ್ಕಿದ್ದೆ. ಅಲ್ಲಿ ನಾಯೀನ ಮೇಜಿನ ಮೇಲೆ ನಿಲ್ಸಿ, ಕುತ್ತಿಗೆಗೆ ಕುಣಿಕೆ ಹಾಕಿ, ಬಾಯಿಗೆ ಪಟ್ಟಿ ಬಿಗಿದು ಕೂದಲು ತೆಗೀತಿದ್ವಿ. ಇವನ ಹಾಗೇ ಮುದಿ ನಾಯಿ ಒಂದು ಬಂತು. ಇನ್ನೊಂದೇ ಏಟು, ಮುಗೀತು ಅಂತ ನಾನೇ ಅಮುಕಿ ಹಿಡಿದೆ..." ಅವನು ತನ್ನ ಅಂಗೈ ನೋಡಿಕೊಂಡ. "ನನ್ನ ಕೈಯಲ್ಲೇ ಅದರ ಎದೆಬಡಿತ ನಿಂತುಹೋಯ್ತು. ಅವತ್ತಿಂದ ಯಾರು ಬೇಡ ಅಂದ್ರೂ ನನ್ನ ಕೈ ಮುಂದಕ್ಕೆ ಹೋಗಲ್ಲ. ಆದ್ರೆ ಬಿಟ್ಟು ಹೋಗೋಕೂ ಆಗ್ಲಿಲ್ಲ... ಅದಕ್ಕೆ ಇಲ್ಲಿ ಕೂತೆ."

ಅಯ್ಯೋ, ಎಂಥ ಮಾತು ಅಂದುಬಿಟ್ಟೆ ನಾನು! 'ನಿಮಗೆ ಇನ್ನೊಂದು ನಾಯಿ' ಅಂದೆನಲ್ಲ! ಆದರೆ ಅದಕ್ಕೆಲ್ಲ ಈಗ ಹೊತ್ತಿಲ್ಲ.

"ಕರೀತಿದ್ದೀನಿ. ಕೇಳಿಸ್ತಾ? ನಾನೇ ಕರೀತಿದ್ದೀನಿ. ಬನ್ನಿ!"

ಮೇಲೆ ಬಂದು ನೋಡಿದರೆ ಅಮ್ಮನ ಕುರ್ಚಿ ಖಾಲಿ. ಆಕೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕಂಬಳಿ ಆಕೆಯ ತೊಡೆಗೆ ಒರಗಿತ್ತು. ಮಗಳು ಎದುರು ಕೂತು ಅಂಗೈ ಚಾಚಿದಳು. ನಾಯಿ ಅಮ್ಮನ ಮುಖ ನೋಡಿತು.

"ಇಡು ಮರಿ. ನಮ್ಮವಳೇ ಕಣೋ," ಎಂದಳು ಅಮ್ಮ. "ಕೋಪಿಷ್ಠೆ, ಆದ್ರೆ ನಮ್ಮವಳೇ."

ಬಿಸಿಯಾದ, ಒಣಗಿದ ಗದ್ದವೊಂದು ಅವಳ ಅಂಗೈಗೆ ಇಳಿಯಿತು. ಅವಳು ಬೆರಳು ಮಡಚಲಿಲ್ಲ. ಉಸಿರು ಬಿಟ್ಟಳು. ಟ್ರಿಮ್ಮರ್ ಗುಂಯ್ ಎಂದಿತು. ಗಂಟಿನ ಕೊನೆಯ ಎಳೆಗೆ ಇನ್ನೇನು ತಾಗಬೇಕು...

ಗದ್ದ ಎದ್ದಿತು.

"ನಿಲ್ಲಿಸಿ!" ಎಂದವಳು ಈ ಸಲ ಅವಳೇ.

ಅವನು ನಿಲ್ಲಿಸಿದ. ಅವಳ ಕಡೆ ನೋಡಿದ. ಆ ನೋಟಕ್ಕೆ ಅವಳ ಕಣ್ಣು ತುಂಬಿತು. ಕಾದರು. ಆ ಕಾಯುವಿಕೆ ಎಷ್ಟು ಉದ್ದವಿತ್ತೆಂದರೆ, ಅಣ್ಣ ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾದದ್ದು ಅವಳಿಗೆ ನೆನಪಾಯಿತು. ಅವತ್ತು ಬಾಗಿಲು ತೆರೆದಾಗ ಕೆಟ್ಟ ಸುದ್ದಿ ಬಂದಿತ್ತು. ಇವತ್ತಾದರೂ... ಇವತ್ತಾದರೂ...

ಕಂಬಳಿ ನಿಟ್ಟುಸಿರು ಬಿಟ್ಟು ಗದ್ದವನ್ನು ಮತ್ತೆ ಅವಳ ಅಂಗೈಗೆ ಹಾಕಿತು. ಪೂರ್ತಿ ಭಾರ ಬಿಟ್ಟು.

ಎಳೆ ತುಂಡಾಯಿತು. ಗಂಟು ಕಳಚಿ ಬಿತ್ತು.

ಮಧ್ಯಾಹ್ನ ಡಾಕ್ಟರಮ್ಮ ಬಂದು ಹುಣ್ಣು ತೊಳೆದು, ಮದ್ದು ಹಚ್ಚಿ, ಇಂಜೆಕ್ಷನ್ ಕೊಟ್ಟು ಹೋದರು. ಸಂಜೆಯವರೆಗೂ ಮೂವರೂ ಅದರ ಸುತ್ತಲೇ, ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಕಿಟಕಿಯಲ್ಲಿ ಬಿಸಿಲು ಕೆಂಪಾಗುವ ಹೊತ್ತಿಗೆ ಬಟ್ಟಲಿನಿಂದ ಚಪ್‌ಚಪ್ ಎಂಬ ಸದ್ದು ಬಂತು. ಕಂಬಳಿ ನೀರು ಕುಡಿಯುತ್ತಿತ್ತು!

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಎಲ್ಲರೂ ಉಪವಾಸ ಇದ್ದೀರಿ. ಏನಾದ್ರೂ ಬೇಯಿಸ್ತೀನಿ," ಎಂದು ಅಡುಗೆಮನೆಗೆ ನಡೆದಳು. ಪಾತ್ರೆಗಳ ಸದ್ದು ಕೇಳಿಸಿತು. ಆ ಮನೆ ಮರೆತೇಬಿಟ್ಟಿದ್ದ ಸದ್ದು ಅದು.

ಅವನು ಕೂದಲೆಲ್ಲ ಗುಡಿಸಿ ಚೀಲಕ್ಕೆ ತುಂಬಿದ. ಟ್ರಿಮ್ಮರ್ ಒರೆಸಿಟ್ಟ. "ಇನ್ನೇನು ಕೆಲಸ ಮುಗೀತು ಮೇಡಂ. ಕಂಬಳಿ ಹೋಗಿ ಟವೆಲ್ ಆಗಿದಾನೆ. ಇನ್ನು ನಾನು ಬರೋ ಅಗತ್ಯ..."

"ಕೂದಲು ಮತ್ತೆ ಬೆಳೆಯಲ್ವಾ?" ಅವಳು ಗಾಬರಿಯಿಂದ ಕೇಳಿದಳು.

"ಬೆಳೆಯುತ್ತೆ. ನಿಧಾನಕ್ಕೆ."

"ಅಷ್ಟು ದಿನ ಕಾಯೋದು ನನ್ನ ಕೈಲಿ ಆಗಲ್ಲ."

ಅವನ ಕೈ ಚೀಲದ ಮೇಲೆ ಹಾಗೇ ನಿಂತಿತು. ಅವಳ ಮುಖ ಕೆಂಪೇರಿತು. ಹೇಳಿದ್ದು ಹೇಳಿಯಾಗಿತ್ತು, ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

"ಎರಡು ದಿನ ನೀವು ಬರ್ದೇ ಇದ್ದಾಗ ನಾನು ಅತ್ತಿದ್ದು ಬರೀ ಇವನಿಗೋಸ್ಕರ ಅಲ್ಲ," ಎಂದಳು.

ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ. ನಂತರ ಮೆಲ್ಲನೆ ನೆಲಕ್ಕೆ ಕೂತ. ಬಲಗೈ ಚಾಚಿದ, ಅಂಗೈ ಮೇಲೆ ಮಾಡಿ. ಕಂಬಳಿ ಕಡೆಗಲ್ಲ.

"ನಾನು ಆ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದೂ ಬರೀ ಇವನಿಗೋಸ್ಕರ ಅಲ್ಲ," ಎಂದ.

ಅವಳು ಎದುರು ಕೂತಳು. ನಾಚಿಕೆ, ನಗು, ಅಳು, ಎಲ್ಲವೂ ಒಟ್ಟಿಗೇ ಬಂದವು. ಕಣ್ಣು ಮುಚ್ಚಿ, ತನ್ನ ಗದ್ದವನ್ನು ಅವನ ಅಂಗೈಗೆ ಇಳಿಸಿದಳು. ಆ ಕೈ ಬೆರಳು ಮಡಚಲಿಲ್ಲ.

"ನೀವು ಯಾವಾಗ ಎತ್ತಿದ್ರೂ ನಾನು ನಿಲ್ಲಿಸ್ತೀನಿ," ಎಂದ ಅವನು.

"ಗೊತ್ತು ಕಣ್ರೀ," ಎಂದಳು ಅವಳು, ಕಣ್ಣು ತೆರೆಯದೆ. "ಅದಕ್ಕೇ ಇಟ್ಟಿದ್ದು."